ಬಿದಿಗೆಯಿಂದ ಹುಣ್ಣಿಮೆವರೆಗೆ: ಹಳೇ ಝೂಮೋ, ಹೊಸ ಮಿರರ್ ಲೆನ್ಸೋ?

500 ಎಂಎಂ ಮಿರರ್ ಲೆನ್ಸ್ (ಒಳಗಿನ ಕನ್ನಡಿಗಳಿಂದ ಬೆಳಕು ಕೂಡಿಸಿ ದೂರದ್ದನ್ನು ದೊಡ್ಡದು ಮಾಡುವ ಲೆನ್ಸ್) ಕೊಂಡು ನಾಲ್ಕು ತಿಂಗಳಾಯಿತು. ಈಗ ಅದು ಕಪಾಟಿನಲ್ಲಿದೆ. ಕ್ಯಾಮೆರಾಗೆ ಮತ್ತೆ ನನ್ನ ಹಳೇ 70-300 ಝೂಮನ್ನೇ ಹಾಕಿದ್ದೇನೆ. ಚಂದ್ರ ಬೆಳೆಯುವುದನ್ನೂ ಕರಗುವುದನ್ನೂ ದಿನಾ ಹಿಡಿಯಬೇಕು ಅನ್ನುವ ಆಸೆ ಇರುವವರು ಲೆನ್ಸ್ ಕೊಳ್ಳುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಮಿರರ್ ಕೊಂಡದ್ದು ಗಾತ್ರದ ಆಸೆಗೆ. ಲೆನ್ಸಿನ ಎಂಎಂ (ಅದರ ಫೋಕಲ್ ಲೆಂಗ್ತ್) ಅನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಚಂದ್ರ ಎಷ್ಟು ಅಗಲ ಬೀಳುತ್ತಾನೆ ಅನ್ನುವುದು ಹೆಚ್ಚುಕಡಿಮೆ ಸಿಗುತ್ತದೆ. 300ಕ್ಕೆ 2.7 ಮಿ.ಮೀ., 500ಕ್ಕೆ 4.5 ಮಿ.ಮೀ. ನನ್ನ 24 ಮೆಗಾಪಿಕ್ಸೆಲ್ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಝೂಮ್‌ನ ಚಂದ್ರ ಸುಮಾರು 700 ಪಿಕ್ಸೆಲ್, ಮಿರರ್‌ನ ಚಂದ್ರ 1150ರ ಹತ್ತಿರ. ಲೆಕ್ಕ ನೋಡಿದರೆ ಮಿರರ್ ಲೆನ್ಸೇ ಗೆಲ್ಲಬೇಕು, ಅಲ್ವಾ?

ಸೋತದ್ದು ಫೋಕಸ್‌ನಲ್ಲಿ. ಆಟೋಫೋಕಸ್ ಇಲ್ಲ ಅನ್ನುವುದು ಗೊತ್ತಿದ್ದೇ ಕೊಂಡೆ. ಆದರೆ ಇದರ ರಿಂಗ್ ಇನ್ಫಿನಿಟಿ (ಬಹುದೂರದ ವಸ್ತುವಿನ ಫೋಕಸ್) ಗುರುತಿನಲ್ಲಿ ನಿಲ್ಲುವುದಿಲ್ಲ, ಅದನ್ನೂ ದಾಟಿ ತಿರುಗುತ್ತದೆ. ಬಿಸಿಗೆ, ತಂಪಿಗೆ ಲೆನ್ಸ್ ಹಿಗ್ಗಿ ಕುಗ್ಗುತ್ತದೆ ಅಂತ ಹಾಗೆ ಜಾಗ ಬಿಟ್ಟಿರುತ್ತಾರೆ. ಹಾಗಾಗಿ ಇವತ್ತು ಸರಿಯಾದ ಕಡೆ ಗುರುತು ಹಾಕಿಟ್ಟರೆ ನಾಳೆ ಅದು ಕೆಲಸಕ್ಕೆ ಬರುವುದಿಲ್ಲ. ಬೆಚ್ಚಗಿನ ಕೋಣೆಯಿಂದ ಹೊರಗೆ ತಂದ ಸ್ವಲ್ಪ ಹೊತ್ತಿಗೇ ಕೂಡಿಸಿದ ಫೋಕಸ್ ಜಾರಿರುತ್ತದೆ.

ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯ ನೇರ ನೋಟದಲ್ಲಿ, 10 ಪಟ್ಟು ದೊಡ್ಡದು ಮಾಡುತ್ತೇನೆ. ಬೆಳಕು ನೆರಳು ಸೇರುವ ಗೆರೆಯ ಹತ್ತಿರ ಒಂದು ಕುಳಿ ಆರಿಸಿಕೊಂಡು ರಿಂಗ್ ತಿರುಗಿಸುತ್ತೇನೆ. ಕೈ ಸೋಕಿದ ಕೂಡಲೇ ಚಂದ್ರ ಪರದೆಯಲ್ಲಿ ಕುಣಿಯುತ್ತಾನೆ. ಕೈ ತೆಗೆದು, ಅಲುಗಾಟ ನಿಲ್ಲುವವರೆಗೆ ಕಾಯಬೇಕು. ನಿಂತ ಮೇಲೆ ನೋಡಿದರೆ ಕೂದಲೆಳೆಯಷ್ಟು ಜಾಸ್ತಿ ತಿರುಗಿರುತ್ತದೆ. ಮತ್ತೆ ಮುಟ್ಟಬೇಕು, ಮತ್ತೆ ಕಾಯಬೇಕು. ಚಂದ್ರ ಸುಮಾರು ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ದೂರ ಸರಿಯುತ್ತಾನೆ. ನಾನು ಕಾಯುವಷ್ಟರಲ್ಲಿ ಆ ಕುಳಿ ಪರದೆಯಿಂದಲೇ ಆಚೆ ಹೋಗಿರುತ್ತದೆ.

ಸಾಲದ್ದಕ್ಕೆ ಕಾಂಟ್ರಾಸ್ಟ್ ಕಡಿಮೆ. ಲೆನ್ಸಿನ ಮುಂಭಾಗದ ನಡುವೆ ಸಣ್ಣ ಕನ್ನಡಿಯೊಂದು ಅಡ್ಡ ಇರುತ್ತದಲ್ಲ, ಅದರಿಂದ. ಫೋಕಸ್ ಕೂಡಿತೋ ಇಲ್ಲವೋ ಕಣ್ಣಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಅಷ್ಟಮಿಯಲ್ಲಿ ಪರವಾಗಿಲ್ಲ, ಕುಳಿಗಳ ನೆರಳು ಕಡುಗಪ್ಪಾಗಿರುತ್ತದೆ. ಹುಣ್ಣಿಮೆಗೆ ಆ ನೆರಳೇ ಇರುವುದಿಲ್ಲ. ಟೈಕೋ ಕುಳಿಯಿಂದ ಹರಡಿದ ಬಿಳಿ ಗೆರೆಗಳನ್ನು ನಂಬಿ ಫೋಕಸ್ ಮಾಡಬೇಕು. ಒಂದು ಹುಣ್ಣಿಮೆ ರಾತ್ರಿ 60 ಫೋಟೊ ತೆಗೆದೆ. ಚೂಪಾಗಿ ಬಂದದ್ದು 4.

ಝೂಮ್‌ನಲ್ಲಾದರೆ ಚಂದ್ರನ ಅಂಚಿನ ಮೇಲೆ ಫೋಕಸ್ ಚುಕ್ಕೆ ಇಟ್ಟು ಬಟನ್ ಅರ್ಧ ಒತ್ತಿದರೆ ಮುಗಿಯಿತು. ಆಮೇಲೆ ಮ್ಯಾನ್ಯುಯಲ್‌ಗೆ ಹಾಕಿ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಆಫ್ ಮಾಡಿ, 2 ಸೆಕೆಂಡ್ ಟೈಮರ್‌ನಲ್ಲಿ ತೆಗೆಯುತ್ತೇನೆ. ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 200 (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಇಟ್ಟರೆ ಹುಣ್ಣಿಮೆಗೆ 1/400 ಸೆಕೆಂಡ್ ಸಾಕು, ಅಷ್ಟಮಿಗೆ 1/100. ಅರ್ಧಚಂದ್ರ ಅಂದರೆ ಅರ್ಧ ಬೆಳಕು ಅಂದುಕೊಳ್ಳಬೇಡಿ. ಒಟ್ಟು ನೋಡಿದರೆ ಹುಣ್ಣಿಮೆಯ ಸುಮಾರು ಹತ್ತನೇ ಒಂದು ಪಾಲಿನಷ್ಟೇ ಬೆಳಕು ಅವನದು.

ಝೂಮ್‌ಗೂ ಒಂದು ದೋಷ ಇದೆ. ಚಂದ್ರ ನೆತ್ತಿಯ ಮೇಲಿದ್ದಾಗ ಕೊಳವೆ ತನ್ನ ಭಾರಕ್ಕೆ ಒಳಗೆ ಜಾರುತ್ತದೆ, 300 ಇದ್ದದ್ದು 280 ಆಗುತ್ತದೆ. ದಿನದಿನದ ಚಂದ್ರರನ್ನು ಪಕ್ಕಪಕ್ಕ ಜೋಡಿಸುವ ನನಗೆ ಅಳತೆ ಬದಲಾಗಬಾರದು. ಟೇಪ್ ಸುತ್ತಿದೆ, ಸರಿಹೋಯಿತು. ಅಂಚಿನ ನೇರಳೆ ಬಣ್ಣ ಸಾಫ್ಟ್‌ವೇರ್‌ನಲ್ಲಿ ಹೋಗುತ್ತದೆ.

ಇದೇ ಝೂಮ್‌ಗೆ ಸ್ನೇಹಿತರ 2 ಪಟ್ಟಿನ ಟೆಲಿಕನ್ವರ್ಟರನ್ನೂ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಚಿತ್ರ ದೊಡ್ಡದು ಮಾಡುವ ಸಾಧನ) ಎರಡು ವಾರ ಹಾಕಿ ನೋಡಿದೆ. 600 ಎಂಎಂ ಸಿಕ್ಕಿತು, ಆದರೆ ಎಫ್/5.6 ಹೋಗಿ ಎಫ್/11 ಆಯಿತು, ಅಂದರೆ ಒಳಬರುವ ಬೆಳಕು ಕಡಿಮೆಯಾಯಿತು. ನನ್ನ ಕ್ಯಾಮೆರಾದ ಆಟೋಫೋಕಸ್ ನಿಂತೇ ಹೋಯಿತು. ಬಿದಿಗೆಯ ಚಂದ್ರನಿಗೆ ಐಎಸ್‌ಒ 400ರಲ್ಲೂ 1/10 ಸೆಕೆಂಡ್ ಬೇಕಾಯಿತು. ಅಷ್ಟರಲ್ಲೇ ಅವನು ಒಂದು ಪಿಕ್ಸೆಲ್ ಸರಿದಿರುತ್ತಾನೆ. ಮಸುಕು ದೊಡ್ಡದಾಯಿತೇ ಹೊರತು ವಿವರ ಹೆಚ್ಚಲಿಲ್ಲ.

ನಾನು ದಿನಕ್ಕೆ ಹದಿನೈದು ನಿಮಿಷ ಮಾತ್ರ ಕೊಡಬಲ್ಲೆ. ಚಂದ್ರ ದಿನಾ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ಕೃಷ್ಣಪಕ್ಷದಲ್ಲಿ ಬೆಳಗಿನ ಜಾವ ಏಳಬೇಕು. ನಿದ್ದೆಗಣ್ಣಿನಲ್ಲಿ ಆ ರಿಂಗ್ ಜೊತೆ ಗುದ್ದಾಡಲು ನನ್ನಿಂದ ಆಗುವುದಿಲ್ಲ. ಮೋಡ ಎರಡು ನಿಮಿಷ ಸರಿದರೆ ಝೂಮ್‌ನಲ್ಲಿ ಹತ್ತು ಫೋಟೊ ಬರುತ್ತವೆ. ಮಿರರ್‌ನಲ್ಲಿ ಇನ್ನೂ ಫೋಕಸ್ ನಡೆದಿರುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ನಾನು ತೆಗೆದದ್ದರಲ್ಲೇ ಅತ್ಯಂತ ಚೆನ್ನಾದ ಅಷ್ಟಮಿ ಚಂದ್ರ ಬಂದದ್ದು ಮಿರರ್‌ನಲ್ಲೇ, ಚಂದ್ರನ ಮೇಲಿನ ಅಪೆನೈನ್ ಬೆಟ್ಟಸಾಲು ಎದ್ದು ಕಾಣುವ ಚಿತ್ರ ಅದು. ತಿಂಗಳಿಗೊಂದು ರಾತ್ರಿ ಪೂರ್ತಿ ಬಿಡುವು ಇರುವವರು, ಗಟ್ಟಿ ಟ್ರೈಪಾಡ್ ಇಟ್ಟುಕೊಂಡವರು ಅದನ್ನೇ ಕೊಳ್ಳಲಿ.

ನನ್ನ ಹತ್ತಿರ ಆ ಟ್ರೈಪಾಡ್ ಇಲ್ಲ. ಮಿರರ್‌ಗೆ ಹಾಕಿದ ದುಡ್ಡನ್ನು ಅದಕ್ಕೆ ಹಾಕಬೇಕಿತ್ತು. ಈಗ ಲೆನ್ಸ್ ಮಾರಲು ಇಟ್ಟಿದ್ದೇನೆ. ಟ್ರೈಪಾಡ್ ಬರುವವರೆಗೆ ಹಳೆಯದರ ಕಾಲುಗಳನ್ನು ಉದ್ದ ಮಾಡದೆ, ನಡುಕಂಬಕ್ಕೆ ಕ್ಯಾಮೆರಾ ಚೀಲ ತೂಗುಹಾಕಿ, ನೆಲದ ಮೇಲೆ ಕೂತೇ ತೆಗೆಯುತ್ತಿದ್ದೇನೆ.