ಮದುವೆಗೆ ಟಸ್ಕನಿ ವಿಲ್ಲಾನಾ, ಶ್ರೀಲಂಕಾದ ಟೀ ಎಸ್ಟೇಟಾ?

ಕಲಬುರಗಿ ಕಡೆಯವರು ವಿದೇಶದಲ್ಲಿ, ಹಳ್ಳಿಗಾಡಿನ ಎಸ್ಟೇಟಿನಲ್ಲಿ ಮದುವೆ ಅಂದ ಕೂಡಲೇ ಮೊದಲು ಕೇಳೋದು ಇಟಲಿಯ ಟಸ್ಕನಿ. 2017ರಲ್ಲಿ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಮದುವೆ ಆಗಿದ್ದು ಅಲ್ಲೇ ಅಲ್ವಾ. ದ್ರಾಕ್ಷಿ ತೋಟ, ಸೈಪ್ರೆಸ್ ಮರಗಳ ಸಾಲು, ಹಳೇ ಕಲ್ಲಿನ ಮನೆ, ಫೋಟೋಗೆ ಅದನ್ನು ಮೀರಿಸೋದು ಕಷ್ಟ. ಆದರೆ ಎಲ್ಲರಿಗೂ ಷೆಂಗೆನ್ ವೀಸಾ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ದೊಡ್ಡವರಿಗೆ ತಲಾ 90 ಯೂರೋ ಶುಲ್ಕ, ಬೆರಳಚ್ಚು ಕೊಡೋಕೆ ಹೈದರಾಬಾದಿಗೋ ಬೆಂಗಳೂರಿಗೋ ಓಡಾಟ, ಇಷ್ಟೆಲ್ಲ ಆಗಿ ಸೋದರಮಾವನ ವೀಸಾನೇ ರಿಜೆಕ್ಟ್ ಆದರೆ?

ಶ್ರೀಲಂಕಾದ ಹ್ಯಾಟನ್ ಸುತ್ತಲಿನ ಟೀ ಎಸ್ಟೇಟ್ ಬಂಗಲೆಗಳಲ್ಲಿ ಈ ತಲೆನೋವು ಕಡಿಮೆ. ಆನ್‌ಲೈನಲ್ಲೇ ಅನುಮತಿ ಸಿಗುತ್ತದೆ. ಗಡಿಯಾರವೂ ನಮ್ಮದೇ. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ, ಅಲ್ಲಿ ರಾತ್ರಿ ಆರತಕ್ಷತೆ ಅಂದರೆ ಊರಲ್ಲಿ ಲೈವ್ ನೋಡುವ ಅಜ್ಜಿಗೆ ನಡುರಾತ್ರಿ. ಹಾಗಂತ ಹ್ಯಾಟನ್ ಸಲೀಸಲ್ಲ. ಕೊಲಂಬೊದಿಂದ ಬೆಟ್ಟದ ತಿರುವಿನ ದಾರಿ, ನಾಲ್ಕೈದು ಗಂಟೆ, ಜೊತೆಗೆ ಬಂಗಲೆಗಳಲ್ಲಿ ಕೋಣೆಗಳೂ ಕಡಿಮೆ.

ಟಸ್ಕನಿಗೆ ಮೇ, ಜೂನ್, ಸೆಪ್ಟೆಂಬರ್ ಚೆಂದ. ಹ್ಯಾಟನ್‌ಗೆ ಜನವರಿಯಿಂದ ಮಾರ್ಚ್. ಮೇ ಮದುವೆಗೆ ಅಲ್ಲಿ ಹೋದರೆ ಮಳೆ ಗ್ಯಾರಂಟಿ ಅಂದ್ಕೊಳ್ಳಿ.

ನನ್ನ ಲೆಕ್ಕ ಹೀಗೆ: ವಯಸ್ಸಾದವರು ಜಾಸ್ತಿ ಇದ್ದರೆ ಲಂಕಾ, ಗೆಳೆಯರೇ ಜಾಸ್ತಿ ಇರುವ ಪುಟ್ಟ ಮದುವೆಗೆ ಟಸ್ಕನಿ. ಎಲ್ಲೇ ಆದರೂ ಅಡ್ವಾನ್ಸ್ ಕೊಡೋ ಮೊದಲು ಹೋಮದ ಬೆಂಕಿಗೆ ಒಪ್ಪಿಗೆ, ಹಾಡು ನಿಲ್ಲಿಸೋ ಹೊತ್ತು, ನಮ್ಮ ಅಡುಗೆಯವರಿಗೆ ಅಡುಗೆಮನೆ ಬಿಡ್ತಾರಾ ಅನ್ನೋದನ್ನು ಬರವಣಿಗೆಯಲ್ಲೇ ತಗೊಳ್ಳಿ. ಜೋಳದ ರೊಟ್ಟಿ, ಎಣ್ಣೆಗಾಯಿ ಇಲ್ಲದಿದ್ರೆ ಬೀಗರು ಸುಮ್ನೆ ಇರ್ತಾರಾ?