ಚಿಗರಿಗೆ ನಾಲ್ಕು ಸ್ಟಾರ್, ಸ್ಟಾಪಿಗೆ ಹೋಗುವ ದಾರಿಗೆ ಒಂದು

ನನ್ನ ಮನೆ ಹುಬ್ಬಳ್ಳಿಯಲ್ಲಿ, ಗೋಕುಲ ರೋಡಿನಿಂದ ಒಳಗೆ. ಕೆಲಸ ಧಾರವಾಡದಲ್ಲಿ. ವಾರಕ್ಕೆ ಆರು ದಿನ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ. ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ವರ್ಗವಾಗಿ ಬಂದವರೊಬ್ಬರು, "ಮೇಡಂ, ಹುಬ್ಬಳ್ಳಿಯಲ್ಲಿ ಮನೆ ಮಾಡಿದರೆ ಚಿಗರಿ ನಂಬ್ಕೊಂಡು ಇರಬಹುದಾ?" ಎಂದು ಕೇಳಿದರು. ಹೌದು ಅಂದೆ. ಆಮೇಲೆ "ಆದರೆ..." ಅಂತ ಶುರು ಮಾಡಿದವಳು ಚಹಾ ಆರಿದರೂ ನಿಲ್ಲಿಸಲಿಲ್ಲ. ಆ "ಆದರೆ"ಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ಹೆಸರಿಗೆ ತಕ್ಕ ಹಾಗೆ ಓಡುತ್ತದೆ, ತನ್ನ ದಾರಿ ತನಗೆ ಸಿಕ್ಕಾಗ ಮಾತ್ರ. ಹುಬ್ಬಳ್ಳಿ ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್, ಅಂದರೆ ಬಸ್ಸು ಬೇಗ ಓಡಲೆಂದು ಮಾಡಿದ, ಮಾರ್ಗ ಇದೆ. ಅದರಲ್ಲಿ ಹೆಚ್ಚಿನ ಕಡೆ ರಸ್ತೆಯ ನಟ್ಟನಡುವೆ ಈ ಬಸ್ಸಿಗೆಂದೇ ಲೇನ್ ಬಿಟ್ಟಿದ್ದಾರೆ. ಪಕ್ಕದ ಲೇನಿನಲ್ಲಿ ಕಾರು, ಲಾರಿ, ಟಂಟಂ ಎಲ್ಲ ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ನಾವು ಎಸಿ ಗಾಳಿಯಲ್ಲಿ ಕೂತು ಉಣಕಲ್ ದಾಟಿರುತ್ತೇವೆ. ಸ್ವಲ್ಪ ಸೊಕ್ಕು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಬಸ್ಸುಗಳು ಪ್ರಯೋಗಕ್ಕೆಂದು ರಸ್ತೆಗೆ ಇಳಿದಿದ್ದು 2018ರಲ್ಲಿ. ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟನೆ ಮಾಡಿದ್ದು 2020ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚಿನ ನಮ್ಮ ಪಾಡು ನೆನಪಿದ್ದವರಿಗೆ ಇದರ ಬೆಲೆ ಗೊತ್ತು. ಫುಟ್‌ಬೋರ್ಡ್ ಮೇಲೆ ಒಂದು ಕಾಲು, ಬಗಲಲ್ಲಿ ಬ್ಯಾಗು, ಅದರ ಮೇಲೆ ಚಿಲ್ಲರೆ ಜಗಳ. ಈಗ ಟಿಕೆಟ್ ನಿಲ್ದಾಣದಲ್ಲೇ ಕೊಡುತ್ತಾರೆ. ಅದರ ಮೇಲಿನ ಕೋಡ್ ತೋರಿಸಿದರೆ ಗೇಟು ತೆರೆಯುತ್ತದೆ. ಒಳಗೆ ಹೋದರೆ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರ. ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ಬೇರೆ ಬಸ್ಸಿನ ಮೆಟ್ಟಿಲು ಕಂಡರೇ ಮುಖ ಹಿಂಡುತ್ತಾರೆ. ಚಿಗರಿಯಲ್ಲಿ ಮಾತ್ರ ಮನೆಯ ಹೊಸ್ತಿಲು ದಾಟಿದ ಹಾಗೆ ಹತ್ತಿ ಕೂರುತ್ತಾರೆ. ನಾಲ್ಕು ಸ್ಟಾರಿನಲ್ಲಿ ಎರಡು ಇದೊಂದಕ್ಕೇ.

ಇನ್ನೊಂದು ಬುದ್ಧಿವಂತಿಕೆ ನನಗೆ ತಡವಾಗಿ ಹೊಳೆಯಿತು. ನಿಲ್ದಾಣದ ಹತ್ತಿರ ಬಸ್ ಲೇನ್ ಅಗಲವಾಗುತ್ತದೆ. ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿದ್ದರೆ, ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಅದರ ಪಕ್ಕದಿಂದ ಮುಂದೆ ಹೋಗುತ್ತದೆ. ಹೊಸಬರಿಗೆ ಒಂದು ಮಾತು: ಹತ್ತುವ ಮುಂಚೆ ಯಾವ ಬಸ್ಸು ಅಂತ ಬೋರ್ಡ್ ನೋಡಿ. ನಾನೊಮ್ಮೆ ನವನಗರದಲ್ಲಿ ಇಳಿಯಬೇಕಿತ್ತು. ಫೋನಿನಲ್ಲಿ ಮಾತಾಡುತ್ತಾ ಯಾವುದೋ ಬಸ್ ಹತ್ತಿ, ನವನಗರ ಹಿಂದೆ ಸರಿಯುವುದನ್ನು ಕಿಟಕಿಯಲ್ಲಿ ನೋಡುತ್ತಾ ಕೂತಿದ್ದೆ. ತಪ್ಪು ನನ್ನದೇ.

ದುಡ್ಡಿನ ಮಾತಿಗೆ ಬರೋಣ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಎಸಿ ಬಸ್ಸಿಗೆ ಅದು ಇಲ್ಲ, ಹಾಗಾಗಿ ಚಿಗರಿಯಲ್ಲಿ ನಾವೂ ಟಿಕೆಟ್ ತಗೋಬೇಕು. ನಮ್ಮ ಓಣಿಯ ಹೂವಿನ ಅಕ್ಕ, "ಪುಕ್ಕಟೆ ಬಸ್ ಇರೂಮುಂದ ನಿಮಗ್ಯಾಕ್ರೀ ಚಿಗರಿ?" ಎಂದು ನಗುತ್ತಾರೆ. ಅವರ ಲೆಕ್ಕ ಸರಿ ಇದೆ. ದಿನಾ ಬುಟ್ಟಿ ಹೊತ್ತು ಹೋಗಿ ಬರುವವರಿಗೆ ಟಿಕೆಟ್ ದುಡ್ಡು ಭಾರವೇ. ನಾನು ಕೊಡುವುದು ಸಮಯಕ್ಕೆ. ಸಂಜೆ ಅರ್ಧ ಗಂಟೆ ಬೇಗ ಮನೆ ಸೇರಿದರೆ ಮಗನ ಹೋಂವರ್ಕ್ ಮುಗಿಯುತ್ತದೆ, ರೊಟ್ಟಿಯೂ ಬಿಸಿ ಇರುತ್ತದೆ.

ಈಗ "ಆದರೆ".

ಹುಬ್ಬಳ್ಳಿಯಲ್ಲಿ ನಾನು ಇಳಿಯುವ ಹೊಸೂರು ಸ್ಟಾಪು ದಾಟಿ ಹಳೆ ಹುಬ್ಬಳ್ಳಿಯ ಕಡೆ ಹೊರಟರೆ ಜಿಂಕೆಗೆ ತನ್ನ ದಾರಿ ಇಲ್ಲ. ಚೆನ್ನಮ್ಮ ಸರ್ಕಲ್ ಸುತ್ತ ಅದೂ ಎಲ್ಲರ ಹಾಗೆ ಎಮ್ಮೆ ನಡಿಗೆ. ಮೇಲ್ಸೇತುವೆ ಕೆಲಸ ಶುರುವಾದ ಮೇಲಂತೂ ಕೇಳಲೇಬೇಡಿ. ಇತ್ತ ಧಾರವಾಡದ ಟೋಲ್ ನಾಕಾ ಹತ್ತಿರ ಜೋರು ಮಳೆ ಬಂದರೆ ರಸ್ತೆ ಕೆರೆಯಾಗುತ್ತದೆ. ಜೂನ್ ಬಂತೆಂದರೆ ಪೇಪರಿನಲ್ಲಿ ಅದರ ಫೋಟೋ ಇದ್ದದ್ದೇ. ಇನ್ನು ರಸ್ತೆ ಅಗಲ ಮಾಡುವಾಗ ಹೋದ ಮರಗಳು. ಮಧ್ಯಾಹ್ನ ನಿಲ್ದಾಣದಿಂದ ಇಳಿದು ಅರ್ಧ ರಸ್ತೆ ದಾಟುವಷ್ಟರಲ್ಲೇ ಅವು ನೆನಪಾಗುತ್ತವೆ.

ಇಷ್ಟನ್ನು ನಾನು ತಡೆದುಕೊಳ್ಳುತ್ತೇನೆ. ತಡೆಯಲಾಗದ್ದು ಹೊಸೂರಿನಿಂದ ನಮ್ಮ ಮನೆಯವರೆಗಿನ ದಾರಿ. ಇಪ್ಪತ್ತು ಕಿಲೋಮೀಟರ್ ರಾಣಿಯ ಹಾಗೆ ಬಂದವಳು ಕೊನೆಯ ಮೂರು ಕಿಲೋಮೀಟರಿಗೆ ಭಿಕಾರಿ ಆಗುತ್ತೇನೆ. ಒಳಗಿನ ಬಡಾವಣೆಗೆ ಹೋಗುವ ಸಿಟಿ ಬಸ್ಸು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ನಡೆಯೋಣ ಅಂದರೆ ಫುಟ್‌ಪಾತ್ ಮೇಲೆ ಬೈಕು, ಬೈಕು ಇಲ್ಲದ ಕಡೆ ಕಲ್ಲು ಎದ್ದ ಚರಂಡಿ. ಹೋದ ವರ್ಷ ನಮ್ಮ ರಸ್ತೆಯನ್ನು ಮೂರು ಸಲ ಅಗೆದರು. ಒಬ್ಬರು ಅಗೆದು ಮುಚ್ಚಿದ ಮೇಲೆ ಇನ್ನೊಬ್ಬರು ಬಂದರು. ಮೂರನೇ ಸಲದ್ದು ಇನ್ನೂ ಸರಿಯಾಗಿ ಮುಚ್ಚಿಲ್ಲ. ಹಾಲು ತರಲು ಹೋದ ನಮ್ಮ ಯಜಮಾನರು ಅದರಲ್ಲೇ ಪಾದ ಉಳುಕಿಸಿಕೊಂಡು ಹದಿನೈದು ದಿನ ಕೂತರು.

ನೀರಿನದೂ ಇದೇ ಕಥೆ. 2008ರಲ್ಲಿ ಅವಳಿನಗರದ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದರು. ಬೇರೆ ಊರಿನವರು ಬಂದು ನೋಡಿ ಹೋದರು. ಮಲಪ್ರಭೆಯ ಅದೇ ನೀರು ನಮ್ಮ ಓಣಿಗೆ ಇಂದಿಗೂ ವಾರಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ನಲ್ಲಿ ಸದ್ದು ಕೇಳಿದರೆ ಎದ್ದು ಕೊಡ ಹಿಡಿಯಬೇಕು. ನಮ್ಮ ಊರಿಗೆ ಮಾದರಿ ಮಾಡಿ ತೋರಿಸೋದು ಚೆನ್ನಾಗಿ ಬರುತ್ತದೆ. ಆ ಮಾದರಿಯನ್ನು ಪಕ್ಕದ ಓಣಿಗೆ ತರುವುದು ಮಾತ್ರ ಯಾಕೋ ಕೈಗೂಡುತ್ತಿಲ್ಲ. 1962ರಿಂದ ಒಂದೇ ಪಾಲಿಕೆ ಆಗಿದ್ದ ಊರು ಇದು. ಧಾರವಾಡದವರು ನಮಗೆ ಬೇರೆ ಪಾಲಿಕೆ ಬೇಕು ಎಂದು ಯಾಕೆ ಹಟ ಹಿಡಿದರು ಅಂತ ನಾನಂತೂ ಕೇಳಲ್ಲ. ಹುಬ್ಬಳ್ಳಿಯಲ್ಲೇ ಇದ್ದು ನನಗೇ ಹಾಗೆ ಅನ್ನಿಸುತ್ತದೆ.

ಸಹೋದ್ಯೋಗಿಗೆ ಕೊನೆಗೆ ಹೇಳಿದ್ದು ಇಷ್ಟು: ಮನೆ ಹುಡುಕುವಾಗ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ವಿದ್ಯಾನಗರದ ಕಡೆಯೋ ಉಣಕಲ್ ಕಡೆಯೋ ನೋಡಿ. ಚಿಗರಿ ಸ್ಟಾಪಿಗೆ ಹತ್ತು ನಿಮಿಷ ನಡೆಯುವಷ್ಟು ದೂರ ಇರಲಿ. ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ಸ್ವಂತ ಮನೆ ಕಟ್ಟಿಸಿಕೊಂಡು ಕೂತ ನನ್ನಂಥವರಿಗೆ ಆ ದಾರಿ ಇಲ್ಲ.

ನಿನ್ನೆ ರಾತ್ರಿ ಹೊಸೂರಿನಲ್ಲಿ ಇಳಿದಾಗ ಎಂಟೂವರೆ. ಚಿಗರಿ ಒಂದು ನಿಮಿಷವೂ ತಡ ಆಗಿರಲಿಲ್ಲ. ಆಟೋದವನು ನಮ್ಮ ಓಣಿ ಹೆಸರು ಕೇಳಿ ತಲೆ ಅಲ್ಲಾಡಿಸಿದ. "ಒಳಗ ರೋಡ್ ಅಗದಾರ್ರೀ ಅಕ್ಕಾರ. ಮೂಲಿ ಮಟಾ ಬಿಡ್ತೀನಿ, ಎಂಬತ್ತು ಕೊಡ್ರಿ." ಧಾರವಾಡದಿಂದ ಬಂದ ಟಿಕೆಟ್‌ಗಿಂತ ಎಷ್ಟೋ ಜಾಸ್ತಿ. ಕೊಟ್ಟೆ. ಮೂಲೆಯಲ್ಲಿ ಇಳಿದು, ಮೊಬೈಲ್ ಟಾರ್ಚ್ ಹಚ್ಚಿಕೊಂಡು ಉಳಿದ ದಾರಿ ನಡೆದೆ.