ತಾಲ್ಲೂಕು ಆಫೀಸ್ ಎದುರಿನ ಸ್ಕಾಲರ್‌ಶಿಪ್ ಸೈಬರ್: 100 ರೂಪಾಯಿಗೆ ಏನೇನ್ ಸಿಕ್ತು

ಅಂಗಡಿ ಹೆಸರು ಹಾಕಲ್ಲ, ಹಾಕ್ಬೇಕು ಅಂದ್ರೂ ಆಗಲ್ಲ, ಯಾಕಂದ್ರೆ ಬೋರ್ಡ್ ಮೇಲೆ ಪಹಣಿ, ಪಾನ್ ಕಾರ್ಡ್, ಬಸ್ ಪಾಸ್, ಎಸ್‌ಎಸ್‌ಪಿ ಅಂತ ಸ್ಟಿಕ್ಕರ್ ಅಂಟ್ಸಿ ಅಂಟ್ಸಿ ಹೆಸರೇ ಮುಚ್ಚೋಗಿದೆ. ನಮ್ ಕಡೆ ತೆಂಗಿನ ಸೀಮೆಯ ಒಂದು ತಾಲ್ಲೂಕು, ಆಫೀಸ್ ಎದುರಿಗೆ ಇಂಥವು ಆರೇಳು ಇವೆ, ಅದರಲ್ಲೊಂದು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಫ್ಯಾನ್, ಅದೂ ಮೆಷಿನ್ ಕಡೆಗೇ ತಿರುಗಿರುತ್ತೆ. ಕೂರೋದಕ್ಕೆ ಬೆಂಚಿದೆ ಆದ್ರೆ ಅದರ ಮೇಲೆ ಪೇಪರ್ ರಿಮ್ ಇಟ್ಟಿರ್ತಾರೆ.

ಅಕ್ಕನ ಮಗಳಿಗೆ ಈ ಸಲ ಸಿಇಟಿಲಿ ಇಂಜಿನಿಯರಿಂಗ್ ಸೀಟು ಸಿಕ್ತು, ಪ್ರೈವೇಟ್ ಕಾಲೇಜಲ್ಲಿ ಸರ್ಕಾರಿ ಕೋಟಾ. ಮನೇಲೆಲ್ಲ ಖುಷಿ, ಹೋಳಿಗೆ ಎಲ್ಲಾ ಆಯ್ತು, ಮಾರನೇ ದಿನ ಬೆಳಗ್ಗೆ ಫೀ ಎಷ್ಟು ಅಂತ ನೋಡಿದ್ರೆ ಲಕ್ಷದ ಹತ್ರ ಹತ್ರ, ಅದೂ ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ ಕೆಇಎಗೆ ಹೇಳಿದ ದಿನದೊಳಗೆ ಕಟ್ಬೇಕು. ಭಾವಂದು ಎರಡೆಕರೆ ತೋಟ, ಕೊಬ್ಬರಿ ಇನ್ನೂ ಅಟ್ಟದ ಮೇಲಿತ್ತು. ನಾನು ಬೆಂಗಳೂರಲ್ಲಿ ಕೆಲಸ ಮಾಡೋನು, ಮನೇಲಿ ಅಲ್ಪಸ್ವಲ್ಪ ಇಂಗ್ಲಿಷ್ ಓದೋನು ನಾನೇ, ಸೋ ಎಲ್ಲಾ ನನ್ ತಲೆಗೇ ಬಂತು. ನನಗೆ ಗೊತ್ತಿದ್ದಿದ್ದು ಎರಡೇ ಪದ, ಸ್ಕಾಲರ್‌ಶಿಪ್ ಮತ್ತೆ ಲೋನ್. ಮೂರು ದಿನ ರಜೆ ಹಾಕಿ ಹೋದೆ.

ಮೊದಲು ಹೋಗಿದ್ದು ಒಂದು ಬ್ಯಾಂಕ್ ಶಾಖೆಗೆ. "ನಿಮ್ ಊರು ನಮ್ ಸರ್ವಿಸ್ ಏರಿಯಾ ಅಲ್ಲ" ಅಂತ ಹೇಳಿ ಕಳಿಸಿದ್ರು, ಎರಡು ನಿಮಿಷ, ತಲೆ ಎತ್ತಿ ನೋಡ್ಲೂ ಇಲ್ಲ. ಆಮೇಲೆ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದ್ರೆ ಒಬ್ಬ ಕನ್ಸಲ್ಟೆಂಟ್, ಲೋನ್ ಮಾಡಿಸ್ಕೊಡ್ತೀನಿ ಎರಡು ಪರ್ಸೆಂಟ್ ಕೊಡಿ ಅಂದ. ಸಾಲ ತಗೊಳೋದಕ್ಕೂ ಕಮಿಷನ್ ಕೊಡ್ಬೇಕಾ ಅಂತ ಸಿಟ್ಟು ಬಂದು ಫೋನ್ ಇಟ್ಟೆ. ಆಗ ಅಕ್ಕ ಹೇಳಿದ್ಲು, "ಲೋ, ಆದಾಯ ಪತ್ರ ಮಾಡಿಸ್ಕೊಟ್ಟ ಹುಡುಗನ್ನ ಒಂದ್ಸಲ ಕೇಳೋ" ಅಂತ. ಹಾಗೆ ಈ ಅಂಗಡಿ.

ಹುಡುಗ ಅಂದ್ರೆ ಇಪ್ಪತ್ತೆಂಟು ಮೂವತ್ತಿರಬಹುದು. ಸರ್ ಏನ್ ಕೋರ್ಸು, ಯಾವ ಕೆಟಗರಿ, ಆದಾಯ ಪತ್ರದಲ್ಲಿ ಎಷ್ಟಿದೆ, ಹಾಸ್ಟೆಲ್ ಸಿಕ್ತಾ, ಅಷ್ಟು ಕೇಳ್ಕೊಂಡು ಹಾಳಾದ ಜೆರಾಕ್ಸ್ ಹಾಳೆ ಒಂದನ್ನ ತಿರುಗಿಸಿ ಹಿಂದ್ಗಡೆ ಉದ್ದಕ್ಕೊಂದು ಗೀಟು ಎಳೆದ. ಈ ತುದಿ "ಫೀ", ಆ ತುದಿ "ಎಸ್‌ಎಸ್‌ಪಿ" ಅಂದ್ರೆ ಸರ್ಕಾರದ ಸ್ಕಾಲರ್‌ಶಿಪ್, ಮಧ್ಯದಲ್ಲಿ "ಲೋನ್". "ದುಡ್ಡು ಇದೆ ಸರ್, ಆದ್ರೆ ಫೀ ಕಟ್ಟೋ ದಿನ ಯಾವುದೂ ಬರಲ್ಲ, ಅದನ್ನ ಮೊದ್ಲು ತಲೇಲಿ ಇಟ್ಕೊಳಿ" ಅಂದ. ನಾನು ಅಲ್ಲಿವರೆಗೂ ಸ್ಕಾಲರ್‌ಶಿಪ್ ಬರುತ್ತೆ ಅದ್ರಲ್ಲಿ ಫೀ ಕಟ್ಟೋಣ ಅಂತಾನೇ ಅಂದ್ಕೊಂಡಿದ್ದೆ, ಮನೇಲೂ ಹಾಗೇ ಧೈರ್ಯ ಹೇಳಿದ್ದೆ. ಎಸ್‌ಎಸ್‌ಪಿಗೆ ಅರ್ಜಿ ಹಾಕೋದೇ ಅಡ್ಮಿಷನ್ ಆದ್ಮೇಲೆ, ಕಾಲೇಜಿನೋರು ದಾಖಲೆ ನೋಡಿ ಇ-ಅಟೆಸ್ಟೇಷನ್ ಕೊಟ್ಟ ಮೇಲೆ. ಆಮೇಲೆ ಇಲಾಖೆ ಪರಿಶೀಲನೆ, ಆಮೇಲೆ ಖಾತೆಗೆ. ಅಷ್ಟೊತ್ತಿಗೆ ಫಸ್ಟ್ ಸೆಮ್ ಮುಗ್ದೇ ಹೋಗಿರ್ಬಹುದು ಅಂದ.

ನಿಜ ಹೇಳ್ಬೇಕಂದ್ರೆ ನಾನು ಕೊಟ್ಟ 100 ರೂಪಾಯಿ ಆ ಗೀಟಿಗೆ. ಉಳಿದ ಫಾರಂ ತುಂಬೋ ಕೆಲಸ ಯಾರ್ ಬೇಕಾದ್ರೂ ಮಾಡ್ತಾರೆ.

ಎಸ್‌ಎಸ್‌ಪಿ ಅಂದ್ರೆ ಗೊತ್ತಿಲ್ದೋರಿಗೆ, ಸರ್ಕಾರದ ಬೇರೆ ಬೇರೆ ಇಲಾಖೆಗಳ ವಿದ್ಯಾರ್ಥಿವೇತನಕ್ಕೆಲ್ಲ ಒಂದೇ ಅರ್ಜಿ. ನಾವು 2ಎ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ. ಅದ್ರಲ್ಲಿ ವಿದ್ಯಾಸಿರಿ ಅಂತ ಒಂದಿದೆ, ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗಡೆ ಇದ್ದು ಓದೋರಿಗೆ ಊಟ ವಸತಿಗೆ ನಾವು ಹಾಕಿದಾಗ ತಿಂಗಳಿಗೆ 1,500, ಹತ್ತು ತಿಂಗಳು, ಅಂದ್ರೆ ವರ್ಷಕ್ಕೆ 15,000 ಇತ್ತು. ಪಿಜಿ ಬಾಡಿಗೆಗೆ ಸಾಲಲ್ಲ ಬಿಡಿ, ಆದ್ರೂ ಬಂದ್ರೆ ಬೇಡ ಅನ್ನೋಕಾಗುತ್ತಾ. ಆದಾಯ ಮಿತಿ ಕೆಟಗರಿಗೆ ಒಂದೊಂದು ಥರ, ಅದನ್ನ ಅವನು ಪತ್ರ ನೋಡಿ ಹೇಳಿದ. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದ್ರೆ ವಿವರ ತಾನೇ ಬರುತ್ತೆ, ಹೆಸರು ಮಾತ್ರ ಆಧಾರ್ ಜೊತೆ ತಾಳೆ ಆಗ್ಬೇಕು.

ಇಲ್ಲೇ ನಮ್ ಕಥೆ ಶುರುವಾಗಿದ್ದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹಿಂದೆ, ಆಧಾರಲ್ಲಿ ಮುಂದೆ, ಆದಾಯ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಅದು ಸಾಲದು ಅಂತ ಹುಡುಗಿ ಆಧಾರ್ ಯಾವ ಖಾತೆಗೆ ಸೀಡ್ (ಜೋಡಣೆ) ಆಗಿದೆ ಅಂತ ನೋಡಿದ್ರೆ ನಮಗೆ ನೆನಪೇ ಇಲ್ಲದ ಒಂದು ಖಾತೆ, ಹೈಸ್ಕೂಲಲ್ಲಿ ಇದ್ದಾಗ ತೆಗೆಸಿದ್ದು, ಪಾಸ್‌ಬುಕ್ಕು ಯಾವ ಪೆಟ್ಟಿಗೇಲಿದ್ಯೋ. ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋದು, ನಾವು ಅರ್ಜೀಲಿ ಬರೆದ ಖಾತೆಗೆ ಹೋಗಲ್ಲ, ಬ್ಯಾಂಕ್ ಪಾವತಿ ವ್ಯವಸ್ಥೆ ನಡೆಸೋ ಎನ್‌ಪಿಸಿಐಲಿ ಆಧಾರಿಗೆ ಕೊನೇಲಿ ಯಾವ ಖಾತೆ ಮ್ಯಾಪ್ ಆಗಿರುತ್ತೋ ಅದಕ್ಕೇ ಹೋಗೋದು. ಇದು ನನಗೆ ಗೊತ್ತೇ ಇರ್ಲಿಲ್ಲ. ಪೋಸ್ಟ್ ಆಫೀಸಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗ್ಸಿ ಸೀಡ್ ಮಾಡ್ಸಿ, ಆಮೇಲೆ ಬನ್ನಿ ಅಂತ ಕಳಿಸಿದ. ಅದಕ್ಕೆ ನಮ್ಮಿಂದ ಒಂದ್ ರೂಪಾಯಿ ತಗೊಳ್ಳಲಿಲ್ಲ, ಅದನ್ನ ಹೇಳ್ಲೇಬೇಕು.

ಲೋನ್ ವಿಷಯ ಈಗ. ನಾನು ಪೇಪರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಓದಿದ್ದೆ, 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, ಅಡಮಾನ ಇಲ್ಲ ಜಾಮೀನು ಇಲ್ಲ, 8 ಲಕ್ಷದೊಳಗೆ ಆದಾಯ ಇದ್ರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡೀಲಿ 3 ಪರ್ಸೆಂಟ್ ಸಬ್ಸಿಡಿ. ಅದೇ ಹಾಕಿ ಅಂದೆ. ಅವನು ಲಿಸ್ಟ್ ತೆಗೆದು ತೋರಿಸ್ದ, ಅದು ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕ್ ಮೇಲೆ ಆಯ್ದ ಕಾಲೇಜುಗಳಿಗೆ ಮಾತ್ರ, ಇಡೀ ದೇಶಕ್ಕೆ ಶುರುವಲ್ಲಿ 860. ನಮ್ ಕಾಲೇಜು ಇರ್ಲಿಲ್ಲ. ಸೀಟ್ ಸಿಕ್ಕಿದ ಖುಷೀಲಿ ಇದನ್ನೆಲ್ಲ ಯಾರು ನೋಡ್ತಾರೆ ಹೇಳಿ.

ಹಾಗಂತ ಬಾಗಿಲು ಮುಚ್ಚಲ್ಲ. ಮಾಮೂಲಿ ಎಜುಕೇಶನ್ ಲೋನ್ ಇದ್ದೇ ಇದೆ, 2015ರಲ್ಲಿ ಬಂದ ವಿದ್ಯಾಲಕ್ಷ್ಮಿ ಪೋರ್ಟಲ್ಲಲ್ಲಿ (ಪಿಎಂ ಯೋಜನೆ ಅಲ್ಲ, ಇದು ಬೇರೆ) ಒಂದೇ ಫಾರಂ ತುಂಬಿ ಮೂರು ಬ್ಯಾಂಕಿಗೆ ಹಾಕ್ಬಹುದು. 4 ಲಕ್ಷದವರೆಗೆ ಮಾರ್ಜಿನ್ ಅಂತ ನಮ್ ಪಾಲಿನ ದುಡ್ಡು ಹಾಕ್ಬೇಕಿಲ್ಲ, ಏಳೂವರೆ ಲಕ್ಷದವರೆಗೆ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ಇರೋದ್ರಿಂದ ತೋಟದ ಪತ್ರ ಅಡ ಇಡ್ಬೇಕಿಲ್ಲ, ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸೈನ್ ಹಾಕಿದ್ರೆ ಸಾಕು. ತೋಟದ ಪತ್ರ ಬೇಡ ಅಂದ ತಕ್ಷಣ ಭಾವನ ಮುಖ ನೋಡ್ಬೇಕಿತ್ತು ನೀವು. ಸರ್ವಿಸ್ ಏರಿಯಾ ಅಲ್ಲ ಅಂತ ಎಜುಕೇಶನ್ ಲೋನ್ ಅರ್ಜಿ ತಳ್ಳಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ ಅನ್ನೋದೂ ಈ ಹುಡುಗನಿಂದ್ಲೇ ಗೊತ್ತಾಗಿದ್ದು. ಪೋರ್ಟಲ್ಲಲ್ಲಿ ಹಾಕಿದ್ರೆ ಅರ್ಜಿಗೊಂದು ನಂಬರ್ ಇರುತ್ತೆ, ಬಾಯ್ಮಾತಲ್ಲಿ ಕಳಿಸೋಕಾಗಲ್ಲ. ಬೇರೆ ಬ್ಯಾಂಕಿಗೆ ಹಾಕಿದ್ವಿ, ಅವರು ಕರೆದು ಕೂರ್ಸಿ ಮಾತಾಡಿದ್ರು.

ಬಡ್ಡಿ ಲೆಕ್ಕ ಅದೇ ಹಾಳೆ ಮೇಲೇ ಹಾಕಿದ. ವರ್ಷಕ್ಕೊಂದು ಲಕ್ಷದ ಥರ ನಾಲ್ಕು ವರ್ಷ ತಗೊಂಡ್ರೆ, ಬಡ್ಡಿ ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 10 ಪರ್ಸೆಂಟ್ ಇಟ್ಕೊಳಿ, ಓದು ನಾಲ್ಕು ವರ್ಷ ಪ್ಲಸ್ ಆಮೇಲೆ ಒಂದು ವರ್ಷ ಕಂತು ಕಟ್ಟೋ ಹಾಗಿಲ್ಲ. ಆದ್ರೆ ಬಡ್ಡಿ ಓಡ್ತಾನೇ ಇರುತ್ತೆ, ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷ 50 ಸಾವಿರ, ಎರಡನೇದಕ್ಕೆ 40, ಮೂರನೇದಕ್ಕೆ 30, ನಾಲ್ಕನೇದಕ್ಕೆ 20. ಕೂಡಿದ್ರೆ 1,40,000. ಅಂದ್ರೆ ಹುಡುಗಿ ಮೊದಲ ಕಂತು ಕಟ್ಟೋ ದಿನಕ್ಕೆ ಸಾಲ ನಾಲ್ಕಲ್ಲ, ಐದು ಲಕ್ಷದ ನಲವತ್ತು ಸಾವಿರ. ಭಾವ ಹಾಳೆ ಕಡೆಗೇ ನೋಡ್ತಾ ನಿಂತ್ರು, ಎಲೆ ಅಡಿಕೆ ಅಗಿಯೋದೂ ನಿಲ್ಸಿಬಿಟ್ರು.

ಆಮೇಲೆ ಅವನು ಆ 1,40,000ದ ಸುತ್ತ ಪೆನ್ನಲ್ಲಿ ಸೊನ್ನೆ ಸುತ್ತಿ, ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದು, ಟೆಕ್ನಿಕಲ್ ಅಥವಾ ಪ್ರೊಫೆಷನಲ್ ಕೋರ್ಸ್ ಆಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ರೆ ಈ ಅವಧಿ ಬಡ್ಡೀನ ಕೇಂದ್ರ ಸರ್ಕಾರ ಕಟ್ಟುತ್ತೆ, ಆದ್ರೆ ನೀವು ಬ್ಯಾಂಕಲ್ಲಿ ಬಾಯಿಬಿಟ್ಟು ಕೇಳಿ ಆದಾಯ ಪತ್ರ ಕೊಟ್ರೆ ಮಾತ್ರ ಅಂದ. ಕೇಳಿದ್ವಿ. ಮ್ಯಾನೇಜರ್ ಮೇಡಂ ಹೌದು ಇದೆ ಅಂದ್ರು. ನಾವು ಕೇಳ್ದೇ ಇದ್ದಿದ್ರೆ ಅವರಾಗೇ ಹೇಳ್ತಿದ್ರಾ, ಇರ್ಬಹುದೇನೋ. ಕೆಲವು ಬ್ಯಾಂಕಲ್ಲಿ ಹೆಣ್ಣುಮಕ್ಕಳಿಗೆ ಬಡ್ಡೀಲಿ ಅರ್ಧ ಪರ್ಸೆಂಟ್ ಕಮ್ಮಿ ಇದೆ, ಅದನ್ನೂ ಕೇಳಿ.

ಸಂಬಳದಾರರಿಗೆ ಒಂದು ಮಾತು, ಎಜುಕೇಶನ್ ಲೋನ್ ಬಡ್ಡಿಗೆ ಎಂಟು ವರ್ಷ ಟ್ಯಾಕ್ಸ್ ವಿನಾಯಿತಿ ಇದೆ, ಹಳೇ ಟ್ಯಾಕ್ಸ್ ಪದ್ಧತೀಲಿ ಇದ್ರೆ. ನಾನೇ ಲೋನ್ ತಗೊಂಡು ಉಳಿಸ್ಕೊಳೋಣ ಅಂತ ಪ್ಲಾನ್ ಹಾಕಿದ್ದೆ. ತನಗೆ, ಗಂಡ ಹೆಂಡತಿಗೆ, ಮಕ್ಕಳಿಗೆ, ಇಲ್ಲಾ ಕಾನೂನು ಪ್ರಕಾರ ಪೋಷಕ ಆಗಿರೋ ಮಕ್ಕಳಿಗೆ ಮಾತ್ರ ಅಂತೆ. ಸೋದರಮಾವನಿಗೆ ಮದುವೆ ಮನೇಲಿ ಎಷ್ಟೇ ಮರ್ಯಾದೆ ಇರ್ಲಿ ಇನ್‌ಕಮ್ ಟ್ಯಾಕ್ಸಲ್ಲಿ ಇಲ್ಲ.

ಇನ್ನೊಂದೆರಡು ದಾರಿ ಹೇಳಿದ, ನಮಗೆ ಉಪಯೋಗ ಆಗ್ಲಿಲ್ಲ ಆದ್ರೆ ಬೇರೆಯವರಿಗೆ ಆಗ್ಬಹುದು. ದೇವರಾಜ ಅರಸು ನಿಗಮದ ಅರಿವು ಸಾಲ, ಸಿಇಟಿ ನೀಟ್ ಸೀಟಿಗೆ, ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಬರೀ 2 ಪರ್ಸೆಂಟ್. ಅಲ್ಪಸಂಖ್ಯಾತರಿಗೆ ಅವರ ನಿಗಮದಲ್ಲೂ ಅರಿವು ಇದೆ. ಎಷ್ಟು ಜನಕ್ಕೆ ಅಂತ ಗುರಿ ಇರುತ್ತೆ, ಅರ್ಜಿ ಕರೆದಾಗ ಕಾಯ್ತಾ ಇದ್ದು ಹಾಕ್ಬೇಕು, ನಾವು ಹೋಗೋಷ್ಟರಲ್ಲಿ ಡೇಟ್ ಮುಗಿದಿತ್ತು. ಸಿಇಟಿಲಿ ಎಸ್‌ಎನ್‌ಕ್ಯೂ ಅಂತ ಇದೆ, ಆದಾಯ 8 ಲಕ್ಷದೊಳಗಿದ್ರೆ ಸೀಟುಗಳ ಮೇಲೆ ಹೆಚ್ಚುವರಿ 5 ಪರ್ಸೆಂಟ್, ಟ್ಯೂಷನ್ ಫೀ ಮಾಫಿ, ಸಿಇಟಿ ಅರ್ಜಿ ಹಾಕುವಾಗ್ಲೇ ಕ್ಲೇಮ್ ಮಾಡ್ಬೇಕು, ರ‍್ಯಾಂಕೂ ಚೆನ್ನಾಗಿರ್ಬೇಕು. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿ ಕಡೆ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತೆ. ನಮ್ ಹುಡುಗಿ ಹತ್ತನೇದು ಸರ್ಕಾರಿ ಶಾಲೆ, ಪಿಯುಸಿ ಚೆನ್ನಾಗ್ ಓದ್ಲಿ ಅಂತ ಪ್ರೈವೇಟಿಗೆ ಹಾಕಿದ್ವಿ. ಹಾಕ್ಸಿದ್ದು ನಾನೇ. ಅದರ ಬಗ್ಗೆ ಅಕ್ಕ ಏನೂ ಅನ್ನಲಿಲ್ಲ, ಸುಮ್ನೆ ನೋಡಿದ್ಲು.

ಈಗ ಅಂಗಡಿ ಮೇಲಿನ ದೂರು. ಒಂದು, ಅಲ್ಲಿ ಒಂದು ಉದ್ದ ಲೆಡ್ಜರ್ ಇದೆ, ಅದ್ರಲ್ಲಿ ತಾಲ್ಲೂಕಿನ ಅರ್ಧ ಮಕ್ಕಳ ಯೂಸರ್ ಐಡಿ ಪಾಸ್‌ವರ್ಡ್ ಸಾಲಾಗಿ ಬರ್ದಿಟ್ಟಿದಾನೆ, ಮೇಜಿನ ಮೇಲೇ ಬಿದ್ದಿರುತ್ತೆ, ಯಾರ್ ಬೇಕಾದ್ರೂ ತಿರುವಬಹುದು. ಕೇಳಿದ್ರೆ "ಮರ್ತೋಗಿ ನನ್ ಹತ್ರಾನೇ ಬರ್ತಾರೆ ಸರ್" ಅಂತಾನೆ. ಅದೂ ನಿಜ ಇರ್ಬಹುದು, ಆದ್ರೂ ಮನೆಗೆ ಹೋದ ತಕ್ಷಣ ಪಾಸ್‌ವರ್ಡ್ ಬದಲಾಯಿಸ್ಕೊಳಿ. ಎರಡು, ಅವಸರ. ನಮ್ ಅರ್ಜೀಲಿ ಹುಡುಗೀನ ಡೇ ಸ್ಕಾಲರ್, ಅಂದ್ರೆ ಮನೆಯಿಂದ್ಲೇ ಓಡಾಡೋಳು, ಅಂತ ಹಾಕ್ಬಿಟ್ಟಿದ್ದ, ಕಾಲೇಜು ನಮ್ಮೂರಿಂದ ನೂರು ಕಿಲೋಮೀಟರ್ ಮೇಲಿದೆ. ಅವಳೇ ಪ್ರಿವ್ಯೂಲಿ ನೋಡಿ "ಅಣ್ಣಾ ಇದು ತಪ್ಪು" ಅಂದ್ಲು, ಇಲ್ಲಾಂದ್ರೆ ವಿದ್ಯಾಸಿರಿ ಅಲ್ಲೇ ಕೈ ಬಿಡ್ತಿತ್ತು. ಸಬ್ಮಿಟ್ ಒತ್ತೋ ಮುಂಚೆ ಮಾನಿಟರ್ ನಿಮ್ ಕಡೆ ತಿರುಗಿಸ್ಕೊಂಡು ಓದಿ, ಅವನಿಗೆ ಬೇಜಾರಾದ್ರೂ ಆಗ್ಲಿ. ಮೂರು, ಸಂತೆ ದಿನ ಹೋಗ್ಬೇಡಿ, ನಿಂತ್ಕೊಳೋಕೂ ಜಾಗ ಇರಲ್ಲ.

ರೇಟು: ಎಸ್‌ಎಸ್‌ಪಿ ಅರ್ಜಿಗೆ 100, ಲೋನ್ ಫಾರಂಗೆ 150, ಸ್ಕ್ಯಾನ್ ಹಾಳೆಗೆ 10. ಸ್ಟಾರ್ ನಾಲ್ಕು, ಒಂದನ್ನ ಆ ಲೆಡ್ಜರ್‌ಗೆ ಕಟ್ ಮಾಡಿದೀನಿ.

ಕೊನೆಗೆ ಫಸ್ಟ್ ಇಯರ್ ಫೀ ಕಟ್ಟಿದ್ದು ನನ್ನ ಚೀಟಿ ದುಡ್ಡು ಮತ್ತೆ ಭಾವ ತಿಪಟೂರು ಮಾರ್ಕೆಟ್ಟಿಗೆ ಹಾಕಿದ ಕೊಬ್ಬರಿ ದುಡ್ಡಲ್ಲಿ. ಲೋನ್ ಎರಡು ತಿಂಗಳ ಮೇಲೆ ಸ್ಯಾಂಕ್ಷನ್ ಆಯ್ತು, ಕಟ್ಟಿದ ರಸೀದಿ ತೋರ್ಸಿದ್ದಕ್ಕೆ ಆ ಫೀನೂ ವಾಪಸ್ ಕೊಟ್ರು, ರಸೀದಿ ಬಿಸಾಕ್ಬೇಡಿ. ವಿದ್ಯಾಸಿರಿ ಇನ್ನೂ ಬಂದಿಲ್ಲ. ಅಕ್ಕ ಸಂತೆಗೆ ಹೋದಾಗೆಲ್ಲ ಅಂಗಡಿಗೆ ಹೋಗಿ ಸ್ಟೇಟಸ್ ಕೇಳ್ಕೊಂಡ್ ಬರ್ತಾಳೆ, ಅದಕ್ಕೆ ಸಲಕ್ಕೆ 10 ರೂಪಾಯಿ ತಗೋತಾನೆ. ಫೋನಲ್ಲೇ ಪುಕ್ಸಟ್ಟೆ ನೋಡ್ಬಹುದು ಕಣೇ ಅಂದ್ರೆ, ಅವನ ಬಾಯಲ್ಲಿ ಕೇಳಿದ್ರೇನೇ ನಂಬಿಕೆ ಅಂತಾಳೆ.